ಏಳನೇ ಗ್ಲಾಸು

ನಮ್ಮ ಮನೆಯ ಖಾರಪುಡಿಯಲ್ಲಿ ಬಣ್ಣ ಬೆರೆತಿದೆ ಎಂದು ಊರಿಗೆಲ್ಲ ಸಾರಿದವಳು ನಾನೇ. ಅದೂ ಎಲ್ಲಿ, ಮೋಟೆಬೆನ್ನೂರಿನ ಸರ್ಕಾರಿ ಶಾಲೆಯಲ್ಲಿ, ಐದನೇ ಕ್ಲಾಸಿನ ಮೂವತ್ತೊಂದು ಮಕ್ಕಳ ಮುಂದೆ, ಕೈಯಲ್ಲಿ ಸ್ಕೇಲು ಹಿಡಿದುಕೊಂಡು. ಬೇಕೆಂದು ಮಾಡಿದ್ದಲ್ಲ. ಹಾಗೆಂದು ಹೇಳಿದರೆ ನಂಬುವವರು ಆಗ ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಜನವರಿಯಲ್ಲಿ ಹಾವೇರಿಯಲ್ಲಿ ಐದು ದಿನ ಶಿಕ್ಷಕರ ತರಬೇತಿ ಇತ್ತು. ಗಣಿತಕ್ಕೊಂದು ಪೀರಿಯಡ್ಡು, ವಿಜ್ಞಾನಕ್ಕೊಂದು ಪೀರಿಯಡ್ಡು ಎಂದು ಬೇರೆ ಮಾಡಬೇಡಿ, ಮಕ್ಕಳ ಕೈಗೆ ಸಾಮಾನು ಕೊಡಿ, ಅಳೆಯಲಿ, ಸುರಿಯಲಿ, ಎಣಿಸಲಿ, ಎರಡೂ ಒಟ್ಟಿಗೇ ಬರುತ್ತವೆ ಎಂದು ಹೇಳಿಕೊಟ್ಟರು. ಹದಿಮೂರು ವರ್ಷ ಹಲಗೆಯ ಮೇಲೆ ಬರೆದು ಬರೆದು ಬೇಸತ್ತಿದ್ದ ನನಗೆ ಹೊಸ ಹುರುಪು ಬಂತು. ಮಕ್ಕಳು ಹಗ್ಗ ಹಿಡಿದು ಮೈದಾನ ಅಳೆದರು. ಮಡಕಿಕಾಳು ನೆನೆಹಾಕಿ ಮೊಳಕೆ ದಿನಕ್ಕೆ ಎಷ್ಟು ಬೆಳೆಯಿತೆಂದು ಬರೆದಿಟ್ಟರು. ಫೆಬ್ರವರಿಯಲ್ಲಿ ಖಾರಪುಡಿಯ ಸರದಿ ಬಂತು. ಬ್ಯಾಡಗಿ ಸೀಮೆಯ ಮಕ್ಕಳಿಗೆ ಮೆಣಸಿನಕಾಯಿ ಬಿಟ್ಟು ಇನ್ನೇನು ಕೊಡಲಿ.

ಪ್ರಯೋಗ ಬಲು ಸಣ್ಣದು. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಬಿಡುವುದಿಲ್ಲ. ಒಗ್ಗರಣೆ ಹಾಕುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಹಾಗಾಗಿ ಅಸಲು ಖಾರವನ್ನು ನೀರಿನ ಮೇಲೆ ಉದುರಿಸಿದರೆ ಅದು ತೇಲುತ್ತದೆ, ಆಮೇಲೆ ಮೆಲ್ಲಗೆ ತಳ ಸೇರುತ್ತದೆ, ನೀರು ನೀರಾಗಿಯೇ ಉಳಿಯುತ್ತದೆ. ಬಿದ್ದ ಕೂಡಲೇ ಕೆಂಪು ಎಳೆ ಕೆಳಗೆ ಇಳಿಯಿತೋ, ಯಾರೋ ಬಣ್ಣ ಹಾಕಿದ್ದಾರೆ.

ಮಕ್ಕಳೆಲ್ಲ ಮನೆಯಿಂದ ಖಾರ ಕಟ್ಟಿಕೊಂಡು ಬಂದಿದ್ದರು. ಗ್ಲಾಸುಗಳ ಮೇಲೆ ಹೆಸರು ಬೇಡ, ನಂಬರು ಹಾಕಿ ಎಂದಿದ್ದೆ. ಎಲ್ಲ ಗ್ಲಾಸಿಗೂ ಎಂಟು ಸೆಂಟಿಮೀಟರ್ ನೀರು. ಎಲ್ಲರದೂ ಐಸ್‌ಕ್ರೀಮ್ ಚಮಚೆಯಲ್ಲಿ ಅರ್ಧ ಚಮಚೆ ಖಾರ. ಕಲಕಬಾರದು. ಎರಡು ನಿಮಿಷ ನೋಡಬೇಕು, ಬರೆಯಬೇಕು.

"ಟೀಚರ್, ಏಳನೇದ್ರಾಗ ದಾರ ಇಳಿಯಾಕತ್ತೈತ್ರಿ," ಎಂದಳು ಕೈಸರ. ಹೆದ್ದಾರಿ ಪಕ್ಕ ಖಾನಾವಳಿ ನಡೆಸುವ ಮಹಮ್ಮದ್ ಹನೀಫರ ಮಗಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಅವಳಿಗೇ ಎಲ್ಲವೂ ಕಾಣುವುದು.

"ಎಷ್ಟುದ್ದ ಐತಿ, ಅಳತಿ ಮಾಡು."

"ಮೂರೂವರಿ ಸೆಂಟಿಮೀಟರ್ ರಿ. ನಂದರಾಗೂ ಇಳಿಯಾಕತ್ತೈತಿ. ಹತ್ತೊಂಬತ್ತನೇದು."

ಮತ್ತೊಮ್ಮೆ ಮಾಡಿರಿ ಎಂದೆ. ಮತ್ತೊಮ್ಮೆ ಮಾಡಿದರು. ಮೂರನೇ ಸಲ ಗ್ಲಾಸು ಬದಲಿಸಿ ಮಾಡಿಸಿದೆ. ಇಪ್ಪತ್ತೊಂಬತ್ತು ಗ್ಲಾಸು ತಿಳಿಯಾಗಿಯೇ ಇದ್ದವು. ಆ ಎರಡು ಮಾತ್ರ ಮೂರು ಸಲವೂ ಕೆಂಪಾದವು. ಏಳನೇ ನಂಬರು ಯಾರದು ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ನನ್ನ ಮಗಳು ಸ್ನೇಹಾ ಎದ್ದು ನಿಂತಳು.

ಕೈಸರಳ ಮನೆಯ ಖಾರವೂ ನಮ್ಮದೇ. ಅವಳ ಅಪ್ಪ ವಾರಕ್ಕೆ ಐದು ಕೇಜಿ ನಮ್ಮ ಗಿರಣಿಯಿಂದ ಒಯ್ಯುತ್ತಾರೆ. ಮಕ್ಕಳಲ್ಲಿ ಯಾರೋ, "ಟೀಚರ್ ಮನಿ ಖಾರಾನ ಖೊಟ್ಟಿ," ಎಂದರು. ಕೈಸರ ಮಾತ್ರ ಪೆನ್ನು ಹಿಡಿದುಕೊಂಡೇ ಕೇಳಿದಳು: "ಯಾರ ಹಾಕಿರಬೇಕ್ರಿ ಟೀಚರ್? ಅದನ್ನ ಬರೀಬೇಕೇನ್ರಿ?"

"ಗೊತ್ತಾದ ಮ್ಯಾಲೆ ಬರಿಯೂಣು," ಎಂದೆ. ಮಾತು ಕೊಟ್ಟಂತೆ ಆಗಿಹೋಯಿತು.

ನಮ್ಮ ಮನೆ ಬ್ಯಾಡಗಿಯಲ್ಲಿ, ನಾನೂ ಸ್ನೇಹಾಳೂ ದಿನಾ ಬಸ್ಸಿನಲ್ಲಿ ಶಾಲೆಗೆ ಹೋಗಿ ಬರುತ್ತೇವೆ. ಮುಂದಿನ ಪಡಸಾಲೆಯಲ್ಲಿ ಖಾರ ಕುಟ್ಟುವ ಗಿರಣಿ, ಹಿಂದೆ ಮನೆ. ಮಾವ ನಿಜಲಿಂಗಪ್ಪನವರು ಮೂವತ್ತು ವರ್ಷ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ದುಡಿದವರು, ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಅಲುಗಿಸಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಗಂಡ ಶಶಿಕಾಂತ ಗಿರಣಿ ನೋಡಿಕೊಳ್ಳುತ್ತಾರೆ. ಆದರೆ ಪಾಕೀಟಿನ ಮೇಲೆ ಇರುವ ಹೆಸರು ಅತ್ತೆಯದು. ನೀಲಗಂಗವ್ವನ ಖಾರ. ಕುಟ್ಟಿ ಸೋಸಿದ ಪುಡಿ ಒಳಕೋಣೆಗೆ ಹೋಗುತ್ತದೆ. ಅಲ್ಲಿ ಅತ್ತೆ ಸ್ನಾನ ಮಾಡಿ ಮಡಿಯುಟ್ಟು, ಬಾಗಿಲು ಹಾಕಿಕೊಂಡು, ಒಬ್ಬರೇ ದೊಡ್ಡ ಪರಾತದ ಮುಂದೆ ಕೂತು ಉಪ್ಪು, ಎಣ್ಣೆ ಹಾಕಿ ಕೈಯಿಂದ ಕಲಸುತ್ತಾರೆ. ಆ ಹೊತ್ತಿನಲ್ಲಿ ಯಾರೂ ಒಳಗೆ ಹೋಗಬಾರದು. ಕಲಸುವಾಗ ಇನ್ನೊಬ್ಬರ ಕಣ್ಣು ಬಿದ್ದರೆ ಖಾರ ಕೆಡುತ್ತದೆ ಎನ್ನುವುದು ಅತ್ತೆಯ ಅತ್ತೆಯ ಕಾಲದಿಂದ ಬಂದ ಪದ್ಧತಿ. ಹನ್ನೆರಡು ವರ್ಷದಲ್ಲಿ ನಾನು ಒಮ್ಮೆಯೂ ಆ ಬಾಗಿಲು ತೆರೆದವಳಲ್ಲ.

ಆ ಸಂಜೆ ಎಲ್ಲರೂ ಉಣ್ಣಲು ಕೂತಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ರೀ, ಖಾರದಾಗ ಏನ ಹಾಕೀರಿ?"

"ಉಪ್ಪು, ಎಣ್ಣಿ. ಮತ್ತೇನ ಹಾಕ್ತಾರ?" ಎಂದರು ಶಶಿಕಾಂತ.

"ಬಣ್ಣ ಹಾಕೀರಿ."

ಅವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಮೊದಲು ಅವ್ವನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಮಾವ ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಯಾರ ಹೇಳಿದ್ರು?"

"ನಾನ ನೋಡೇನ್ರಿ ಮಾವಾರ, ಕಣ್ಣಾರೆ. ಮೂರ ಸಲ ಮಾಡಿ ನೋಡೇನಿ."

"ಎಲ್ಲಿ ನೋಡಿದಿ?"

"ಸಾಲ್ಯಾಗ."

"ಮಕ್ಕಳ ಮುಂದ?"

ಶಶಿಕಾಂತ ನಕ್ಕರು, ಆ ನಗೆ ನನಗೆ ಇಷ್ಟವಾಗಲಿಲ್ಲ. "ಭೇಷ್. ಗಂಡನ ಮರ್ಯಾದಿ ನೀರಾಗ ಹಾಕಿ ನೋಡಿ ಬಂದೀಯಲ್ಲ. ಎಷ್ಟ ಇಳೀತು?"

"ಮೂರೂವರಿ ಸೆಂಟಿಮೀಟರ್," ಎಂದಳು ಸ್ನೇಹಾ.

"ನೀ ಸುಮ್ನಿರು," ಎಂದು ಮಗಳ ಮೇಲೆ ಹರಿಹಾಯ್ದರು. "ನಾ ಏನೂ ಹಾಕಿಲ್ಲ. ನಮ್ಮ ಮನಿತನದಾಗ ಯಾರೂ ಹಾಕಂಗಿಲ್ಲ."

"ನೀವ ಹಾಕೀರಿ ಅಂತ ನಾ ಎಲ್ಲಿ ಅಂದೆ? ಖಾರದಾಗ ಏನೈತಿ ಅಂತ ಕೇಳಿದೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು."

ನಾನು ಅಂದಿದ್ದೆ, ಹಾಕೀರಿ ಎಂದು ನೇರವಾಗಿಯೇ ಅಂದಿದ್ದೆ. ಸಿಟ್ಟಿನಲ್ಲಿ ನಾನಾಡಿದ ಮಾತು ನನಗೇ ನೆನಪಿರಲಿಲ್ಲ. ಗಿರಣಿ ಅವರದು, ಪಾಕೀಟು ಮಾಡುವವರು ಅವರು, ಗಿರಾಕಿಗಳ ಜೊತೆ ಮಾತಾಡುವವರು ಅವರು. ಬೇರೆ ಯಾರ ಮೇಲೆ ಅನುಮಾನ ಪಡಲಿ.

"ಉಣ್ಣೂ ಹೊತ್ತಿನ್ಯಾಗ ಏನಿದು," ಎಂದರು ಅತ್ತೆ. "ಸಾಲಿ ಮಾತು ಸಾಲ್ಯಾಗ ಇರಲಿ. ಹಾಕ್ಕೋ ಶಶಿ, ರೊಟ್ಟಿ ಹಾಕ್ಕೋ." ಅವರು ಹಾಕಿದ ರೊಟ್ಟಿ ಅರ್ಧ ತಾಟಿನಲ್ಲಿ, ಅರ್ಧ ನೆಲದ ಮೇಲೆ ಬಿತ್ತು. ಸಿಟ್ಟಿಗೆ ಎಸೆದರೆಂದು ತಿಳಿದೆ. ಸ್ನೇಹಾ ತನ್ನ ತಾಟು ಎತ್ತಿಕೊಂಡು ಅಪ್ಪನ ಪಕ್ಕದಿಂದ ಎದ್ದು ಅಜ್ಜಿಯ ಪಕ್ಕ ಹೋಗಿ ಕೂತಳು. ಅದನ್ನು ಮಾತ್ರ ಎಲ್ಲರೂ ನೋಡಿದೆವು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ. ಮೂವತ್ತೊಂದು ಮಕ್ಕಳು ಮೂವತ್ತೊಂದು ಮನೆಗೆ ಹೋಗಿ ಹೇಳಿದ್ದರು. ವಾರದೊಳಗೆ ಮೋಟೆಬೆನ್ನೂರಿನಲ್ಲಿ ಮನೆಮನೆಯಲ್ಲೂ ಗ್ಲಾಸಿನ ನೀರಿಗೆ ಖಾರ ಉದುರಿಸಿ ನೋಡುವುದೇ ಆಯಿತು. ಶನಿವಾರ ಮಹಮ್ಮದ್ ಹನೀಫರು ಬೈಕಿನ ಮೇಲೆ ಬಂದು ಎರಡು ಚೀಲ ಇಳಿಸಿದರು. ಪಾಕೀಟು ಒಡೆದಿರಲಿಲ್ಲ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದರು ನನಗೆ. "ನಮ್ಮ ಅಬ್ಬಾನ ಕಾಲದಿಂದ ನಿಮ್ಮ ಮನಿ ಖಾರಾನ. ಬ್ಯಾರೆ ಖಾರ ಹಾಕಿದ್ರ ಮಂದಿ ತಾಟ ದೂಡ್ತಾರ. ಆದ್ರ ಮಗಳು ದಿನಾ ಕೇಳಾಕತ್ತಾಳ, ಅಬ್ಬಾ, ಗೊತ್ತಿದ್ದೂ ಮಂದಿಗೆ ಉಣಸ್ತೀಯೇನ ಅಂತ. ನಾ ಏನ ಹೇಳ್ಲಿ ಆಕಿಗೆ?"

ಚಾ ಕುಡಿದು ಹೋಗಿರೆಂದರೆ ಹಾಗೇ ಹೊರಟರು. ನೆಲದಲ್ಲಿ ಇಳಿದುಹೋಗಬಾರದೇ ಎನಿಸಿತು. ಮಾವ ಆ ಚೀಲಗಳ ಪಕ್ಕ ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆ ಮಗನನ್ನು ಕರೆದು, "ಖರೇ ಹೇಳು, ನೀ ಹಾಕೀದಿ?" ಎಂದರು.

"ಇಲ್ಲಪ್ಪ."

"ನಿನ್ನ ಮಗಳ ತಲಿ ಮ್ಯಾಲೆ ಕೈಯಿಟ್ಟು ಹೇಳು."

"ಬ್ಯಾಡ. ನನಗ ಗೊತ್ತೈತಿ, ಪಪ್ಪಾ ಸುಳ್ಳ ಹೇಳಾಕತ್ತಾನ," ಎಂದು ಸ್ನೇಹಾ ಒಳಗೆ ಓಡಿದಳು.

ಶಶಿಕಾಂತ ಮರುದಿನ ಬೆಳಿಗ್ಗೆ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ರಾಣೆಬೆನ್ನೂರಿನ ಅಕ್ಕ ಸುಚಿತ್ರಾಳ ಮನೆಗೆ ಹೋದರು. ಯಾವಾಗ ಬರುತ್ತೀರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ದಿನಕ್ಕೆ ಸುಚಿತ್ರಾಳ ಫೋನು ಬಂತು.

"ಸುರೇಖಾ, ನನ್ನ ತಮ್ಮ ಇಲ್ಲಿ ಎರಡ ತುತ್ತ ಉಂಡು ಕೈ ತೊಳೀತಾನ. ಮಗಳು ಮಾರಿ ನೋಡವಲ್ಲಳು ಅಂತ ಅಳ್ತಾನ. ಅದೇನ ವಿಜ್ಞಾನವ್ವ ನಿಂದು, ಇದ್ದ ಒಬ್ಬ ಗಂಡನ್ನ ಮನಿ ಬಿಡಿಸಿತು."

"ಬಣ್ಣ ಐತಿ ಅಕ್ಕಾ. ಇದ್ದದ್ದನ್ನ ಇಲ್ಲ ಅಂತ ಹೆಂಗ ಹೇಳ್ಲಿ?"

"ಇರಲಿ. ನೀ ಹೇಳಬೇಕಾಗಿತ್ತಾ?"

ಶಾಲೆಯಲ್ಲಿ ಹೆಡ್‌ಮಾಸ್ತರರೂ ಅದನ್ನೇ ಕೇಳಿದ್ದರು, ಇಷ್ಟು ಒರಟಾಗಿ ಅಲ್ಲ, ಅಷ್ಟೇ.

ಗುರುವಾರ ಸಂತೆಯ ದಿನ. ಮಗನಿಲ್ಲದಿದ್ದರೂ ಮಾವ ಮಾರುಕಟ್ಟೆಗೆ ಹೋಗಿ ಹೊಸ ಕಾಯಿ ತಂದರು. ಶುಕ್ರವಾರ, ಶನಿವಾರ ಅಂಗಳದಲ್ಲಿ ಬಿಸಿಲಿಗೆ ಹಾಕಿ ಹೆಣ್ಣಾಳುಗಳಿಂದ ತೊಟ್ಟು ಬಿಡಿಸಿ, ರವಿವಾರ ತಾವೇ ಗಿರಣಿ ಹಾಕಿದರು. ನಾನು ಅಡುಗೆಮನೆಯಲ್ಲಿ ಪಲ್ಯ ಹೆಚ್ಚುತ್ತಿದ್ದೆ. ಸ್ನೇಹಾ ಮೂರು ಗ್ಲಾಸು ನೀರು ತುಂಬಿಕೊಂಡು ಗಿರಣಿಗೆ ಹೋದಳು. ಏನೇ ಅದು ಎಂದೆ.

"ನೀನ ಹೇಳಿದ್ದಿ ಮಮ್ಮಿ. ತಪ್ಪು ಎಲ್ಲಿ ಹೊಕ್ಕೇತಿ ಅಂತ ಗೊತ್ತಾಗಬೇಕಂದ್ರ ಒಂದೊಂದ ಕಡೆ ನಿಂತು ನೋಡಬೇಕು ಅಂತ."

ಕ್ಲಾಸಿನಲ್ಲಿ ಭಾಗಾಕಾರದ ಲೆಕ್ಕ ತಪ್ಪಿದಾಗ ಹೇಳಿದ್ದ ಮಾತು ಅದು. ಅವಳು ಗಿರಣಿಯ ಬಾಯಿಂದ ಬಿದ್ದ ಪುಡಿ ತಂದು ಮೊದಲ ಗ್ಲಾಸಿಗೆ ಹಾಕಿದಳು. ನೀರು ತಿಳಿ. ಮಾವ ಸಾಣಿಗೆಯಲ್ಲಿ ಸೋಸಿದ್ದನ್ನು ಎರಡನೆಯದಕ್ಕೆ ಹಾಕಿದಳು. ಅದೂ ತಿಳಿ. ಅತ್ತೆ ಸ್ನಾನ ಮಾಡಿ ಒಳಕೋಣೆಗೆ ಹೋದರು, ಬಾಗಿಲು ಹಾಕಿಕೊಂಡರು. ಒಂದು ತಾಸಿನ ಮೇಲೆ ಕಲಸಿದ ಮೊದಲ ಪರಾತ ಹೊರಗೆ ಬಂತು. ಬಾಗಿಲು ಮತ್ತೆ ಮುಚ್ಚಿತು. ಆ ಪರಾತದ ಪುಡಿ ಮೂರನೇ ಗ್ಲಾಸಿಗೆ ಬಿತ್ತು. ಕೆಂಪು ಎಳೆ ಸರಸರನೆ ತಳಕ್ಕೆ ಇಳಿಯಿತು.

ಸ್ನೇಹಾ ನನ್ನ ಮುಖ ನೋಡಿದಳು. "ಪಪ್ಪಾ ರಾಣೆಬೆನ್ನೂರಾಗ ಅದಾನ."

ಗಿರಣಿಗೂ ಪಾಕೀಟಿಗೂ ನಡುವೆ ಇರುವುದು ಒಂದೇ ಕೋಣೆ, ಆ ಕೋಣೆಯೊಳಗೆ ಇರುವವರು ಒಬ್ಬರೇ. ಮಗಳನ್ನು ಅಲ್ಲೇ ನಿಲ್ಲಿಸಿ, ಹನ್ನೆರಡು ವರ್ಷದಲ್ಲಿ ಮುಟ್ಟದ ಬಾಗಿಲನ್ನು ದೂಡಿದೆ.

ಅತ್ತೆ ಕಿಟಕಿಯ ಕೆಳಗೆ ಎರಡನೇ ಪರಾತ ಇಟ್ಟುಕೊಂಡು ಕೂತಿದ್ದರು. ಮುಖ ಎಷ್ಟು ಬಗ್ಗಿಸಿದ್ದರೆಂದರೆ ಮೂಗಿನ ತುದಿಗೆ ಖಾರ ಹತ್ತಿತ್ತು. ಎಡಗೈಯಲ್ಲಿ ಅಂಗೈಯಗಲದ ಒಂದು ತಗಡಿನ ಡಬ್ಬಿ, ಮಿಠಾಯಿಯವರು ಜಿಲೇಬಿಗೆ ಹಾಕುವ ಬಣ್ಣದ್ದು. ಅದರಿಂದ ಪುಟ್ಟ ಚಮಚೆಯಲ್ಲಿ ತೆಗೆದು ಉದುರಿಸಿದರು, ಕಲಸಿದರು, ಒಂದು ಹಿಡಿ ಎತ್ತಿ ಕಣ್ಣ ಹತ್ತಿರ ಹಿಡಿದರು. ಪರಾತದಲ್ಲಿದ್ದ ಖಾರ ನೋಡಿದರೆ ಕಣ್ಣು ಕುಕ್ಕುವಷ್ಟು ಕೆಂಪಗಿತ್ತು.

"ಇನ್ನೂ ಮಾಸಿದಂಗ ಐತಿ," ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು. "ಈ ವರ್ಷದ ಕಾಯಾಗ ಕೆಂಪ ಇಲ್ಲ."

"ಅತ್ತೀ," ಎಂದೆ.

ಡಬ್ಬಿ ಸೆರಗಿನೊಳಗೆ ಹೋಯಿತು. "ಯಾರು? ಸುರೇಖಾ? ಯಾಕ ಬಂದಿ ಒಳಗ?"

ನಾಲ್ಕು ಹೆಜ್ಜೆ ದೂರದಲ್ಲಿ ಬೆಳಕಿಗೆ ಎದುರಾಗಿ ನಿಂತಿದ್ದೆ. ಯಾರು ಎಂದು ಕೇಳುತ್ತಿದ್ದಾರೆ.

"ಅತ್ತೀ, ನನ್ನ ಸೀರಿ ಯಾವ ಬಣ್ಣದ್ದೈತಿ ಹೇಳ್ರಿ."

"ಏನ ಹುಚ್ಚು ಮಾತಿದು."

"ಹೇಳ್ರಿ."

ಅವರು ಬಹಳ ಹೊತ್ತು ನೋಡಿದರು. "ಮಣ್ಣಿನ ಬಣ್ಣದ್ದು," ಎಂದರು. ನಾನುಟ್ಟಿದ್ದು ಅಚ್ಚ ನೀಲಿ ಸೀರೆ, ಕಳೆದ ಪಂಚಮಿಗೆ ಅವರೇ ಆರಿಸಿ ಕೊಡಿಸಿದ್ದು.

ಪರಾತದ ಪಕ್ಕದಲ್ಲೇ ಕೂತೆ. ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಒಟ್ಟಿಗೇ ಮಾಡಿದೆ. "ನಿಮ್ಮ ಮಗನ್ನ ಕಳ್ಳ ಅಂದೆ. ನೀವು ಎದುರಿಗೆ ಕುಂತಿದ್ರಿ. ಅಪ್ಪ ಸುಳ್ಳ ಹೇಳ್ತಾನ ಅಂತ ಆ ಕೂಸು ಅಂತು. ಆವಾಗೂ ಕುಂತಿದ್ರಿ. ಹೆಂಗರ ಸುಮ್ನಿದ್ರಿ?"

"ಅವ ಗಂಡಸು, ತಡಕೋತಾನ ಅಂದ್ಕೊಂಡೆ."

"ಮತ್ತ ಈ ಬಣ್ಣ? ಮಂದಿ ತಿನ್ನೂದು ಅಂತ ಗೊತ್ತಿಲ್ಲ ನಿಮಗ?"

"ಜಿಲೇಬ್ಯಾಗ ಹಾಕಿದ್ದು ನೆಕ್ಕಿ ನೆಕ್ಕಿ ತಿಂತೀರಿ. ಖಾರಕ್ಕ ಹಾಕಿದ್ರ ವಿಷಾ ಆತೇನು?" ಎಂದು ಜೋರು ಮಾಡಿದವರು ಮರುಗಳಿಗೆಯೇ ನನ್ನ ಕೈ ಹಿಡಿದರು. ಅವರ ಕೈಗಳು ಮಣಿಕಟ್ಟಿನವರೆಗೆ ಕೆಂಪಾಗಿದ್ದವು. "ಕಣ್ಣ ಸುದ್ದಿ ಯಾರಿಗೂ ಹೇಳಬ್ಯಾಡ ತಂಗಿ. ನಮ್ಮತ್ತಿಗೆ ಕಣ್ಣ ಮಂಜಾದಾಗ ಈ ಪರಾತ ನಾನ ಕಸಗೊಂಡೆ. ನೀವು ಕಟ್ಟಿ ಮ್ಯಾಲೆ ಕುಂದರ್ರಿ, ಹೊತ್ತಿಗೆ ಸರಿಯಾಗಿ ತಾಟ ಕೊಡ್ತೇನಿ ಅಂದೆ. ಎಂಟ ವರ್ಷ ಕುಂತ್ರು. ಒಂದ ದಿನ ಖಾರದ ಮಾತ ಎತ್ತಲಿಲ್ಲ. ನನ್ನೂ ಹಂಗ ಕುಂದರಸ್ತೀರಿ ನೀವು."

ಈ ಹೆಂಗಸಿನ ಬಾಯಿಂದ ಬೇಡುವ ಮಾತು ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಬಾಗಿಲಲ್ಲಿ ಸ್ನೇಹಾ ನಿಂತಿದ್ದಳು, ಅವಳ ಹಿಂದೆ ಮಾವ ನಿಂತಿದ್ದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಬಣ್ಣ ಎಲ್ಲಿಂದ ತಂದಿ?" ಎಂದರು ಮಾವ.

"ದೀಪಾವಳಿಗೆ ಜಿಲೇಬಿ ಮಾಡಾಕ ತಂದದ್ದು," ಎಂದರು ಅತ್ತೆ. ಮಾವ ಇನ್ನೇನೂ ಕೇಳಲಿಲ್ಲ. ನಲವತ್ತೈದು ವರ್ಷ ಒಂದೇ ಮನೆಯಲ್ಲಿದ್ದು ಹೆಂಡತಿಗೆ ಕಾಣುತ್ತಿಲ್ಲ ಎಂಬುದು ತಮಗೆ ಕಾಣಲಿಲ್ಲವಲ್ಲ ಎಂದು ಅವರಿಗೆ ದಿಗಿಲು ಬಡಿದಿತ್ತು. ನನಗೇನು ಕಡಿಮೆಯೇ. ದಿನಾ ಅದೇ ಖಾರ ಹಾಕಿ ಅಡುಗೆ ಮಾಡಿದವಳು ನಾನು. ಕೆಂಪು ನೋಡಿ, ಈ ಸಲ ಕಾಯಿ ಚಲೋ ಬಂದಿದೆ ಎಂದು ಹೊಗಳಿದವಳೂ ನಾನೇ.

ಸೋಮವಾರ ರಜೆ ಹಾಕಿ ನಾನೇ ರಾಣೆಬೆನ್ನೂರಿಗೆ ಹೋದೆ. ಸ್ನೇಹಾ ಬರುತ್ತೇನೆಂದು ಹಟ ಹಿಡಿದು ಜೊತೆಗೆ ಬಂದಳು. ಸುಚಿತ್ರಾಳ ಮನೆಯ ಹೊಸಿಲು ದಾಟುತ್ತಲೇ ಅವಳು ಅಪ್ಪನ ಸೊಂಟ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಸುಳ್ಳ ಹೇಳ್ತಾನ ಅಂದೆ. ತಪ್ಪಾತು ಪಪ್ಪಾ."

ನಾನೂ ಅತ್ತೆಯ ಕಣ್ಣಿನ ಸಂಗತಿ ಹೇಳಿ, ತಪ್ಪಾಯಿತು ಎಂದೆ. ಸುಚಿತ್ರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಶಶಿಕಾಂತ ಮಾತ್ರ ಮಗಳ ತಲೆ ಸವರುತ್ತ ನೆಲ ನೋಡಿದರು.

"ಇರ್ಲಿ ಬಿಡು," ಎಂದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಬಸ್ಸಿನಲ್ಲಿ ಬರುವಾಗ ಸ್ನೇಹಾ ದಾರಿಯುದ್ದಕ್ಕೂ ಅವರ ತೊಡೆಯ ಮೇಲೆ ಮಲಗಿದ್ದಳು.

ಹಾವೇರಿಯ ಕಣ್ಣಿನ ಡಾಕ್ಟರು ಅತ್ತೆಯನ್ನು ನೋಡಿ, ಎರಡೂ ಕಣ್ಣಿನ ಪೊರೆ ಬಲಿತಿದೆ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ನಮಗೆ ಬೈದರು. ಒಂದು ವಾರದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ನರ್ಸಿನ ಬಿಳಿ ಬಟ್ಟೆ, ಆಮೇಲೆ ನನ್ನ ಮುಖ. "ತಲಿ ಬೆಳ್ಳಗಾಗೇತಲ್ಲ ನಿಂದು," ಎಂದರು. ಎಲ್ಲರೂ ನಕ್ಕೆವು. ನಕ್ಕು ಎಷ್ಟು ದಿನವಾಗಿತ್ತು.

ಮನೆಗೆ ಬಂದವರೇ ಹನೀಫರು ಮರಳಿಸಿದ್ದ ಚೀಲದಿಂದ ಒಂದು ಪಾಕೀಟು ತರಿಸಿ ಒಡೆದರು. ಬೇಡ, ಕಣ್ಣಿಗೆ ಖಾರ ಹಾರುತ್ತದೆ ಎಂದರೂ ಕೇಳಲಿಲ್ಲ. ದೂರ ಹಿಡಿದು ತಾಟಿಗೆ ಸುರಿದು ನೋಡಿದರು. ನೋಡುತ್ತ ನೋಡುತ್ತ ಅವರ ಬಾಯಿ ತೆರೆಯಿತು.

"ಇದ ನಾ ಕಲಸಿದ್ದೇನ?"

ಒಂದು ಚಿಟಿಕೆ ಎತ್ತಿ ಬೆಳಕಿಗೆ ಹಿಡಿದರು.

"ಇದು ಖಾರ ಅಲ್ಲ. ಕುಂಕಮ ಐತಿ ಇದು. ಇದನ್ನ ಮಂದಿ ಉಂಡಾರ? ನಮ್ಮ ಕೂಸು ಉಂಡೈತಿ?" ಎಂದು ತಾಟು ದೂರ ಸರಿಸಿ ಗೋಡೆಗೆ ಆತುಕೊಂಡರು. ಆ ಮಧ್ಯಾಹ್ನವೇ ಮಾವ ಎರಡೂ ಚೀಲವನ್ನು ಹಿತ್ತಲಲ್ಲಿ ಗುಂಡಿ ತೋಡಿ ಹುಗಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ನನ್ನ ಮಟ್ಟಿಗೆ ಮುಗಿದೂ ಇತ್ತು. ಮುಗಿಯದೆ ಇದ್ದದ್ದು ಸ್ನೇಹಾಳ ನೋಟುಬುಕ್ಕಿನಲ್ಲಿ.

ಆ ಶನಿವಾರ ಸಂಜೆ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದೆವು, ರೊಟ್ಟಿ, ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ತಾವೇ ಬಡಿಸಿದರು. ಸ್ನೇಹಾ ತಾಟಿನ ಪಕ್ಕ ನೋಟುಬುಕ್ಕು ಇಟ್ಟುಕೊಂಡಿದ್ದಳು. ಸೋಮವಾರ ಕ್ಲಾಸಿನಲ್ಲಿ ಪ್ರಯೋಗದ ಪೂರ್ತಿ ವರದಿ ಓದಬೇಕಿತ್ತು.

"ಆಯಿ, ಒಂದ ಪರಾತಕ್ಕ ಎಷ್ಟ ಚಮಚಿ ಬಣ್ಣ ಹಾಕ್ತಿದ್ದಿ?" ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ.

"ಎರಡು. ಯಾಕವ್ವಾ ಈಗ ಅದು?"

"ವಾರಕ್ಕ ಎರಡ ಪರಾತ. ಅಂದ್ರ ನಾಕ ಚಮಚಿ. ದೀಪಾವಳಿಯಿಂದ ಹದಿನಾರ ವಾರ. ಅರವತ್ನಾಕ ಆತು." ಅವಳು ಬೆರಳಿಟ್ಟು ಓದಿದಳು. "ಡಬ್ಬ್ಯಾಗ ಉಳದದ್ದು ನಾ ತಗದು ಅಳದೇನಿ, ಎಂಟ ಚಮಚಿ. ಒಟ್ಟ ಎಪ್ಪತ್ತೆರಡು. ಡಬ್ಬಿ ತುಂಬ ನೀರ ಹಾಕಿ ಅಳದೆ, ಒಂದರಾಗ ಇಪ್ಪತ್ನಾಕ ಹಿಡಿತಾವ. ಅಂದ್ರ ಮೂರ ಡಬ್ಬಿ ಬೇಕು. ದೀಪಾವಳಿಗೆ ತಂದದ್ದು ಒಂದ. ಉಳದ ಎರಡು ಯಾರ ತಂದ್ರು?"

ಅತ್ತೆ ಮನೆ ಬಿಟ್ಟು ಒಬ್ಬರೇ ಬಜಾರಕ್ಕೆ ಹೋಗದೆ ವರ್ಷವಾಗಿತ್ತು. ನಾನು ಮಾವನ ಕಡೆ ನೋಡಿದೆ, ಮಾವ ನನ್ನ ಕಡೆ ನೋಡಿದರು. ಅತ್ತೆ ಕನ್ನಡಕ ತೆಗೆದು ಮಗನ ಮುಖ ನೋಡುತ್ತಿದ್ದರು.

"ನಾನ ತಂದೆ," ಎಂದರು ಶಶಿಕಾಂತ.

ನಾನು ಕೈಯಲ್ಲಿದ್ದ ರೊಟ್ಟಿ ತಾಟಿಗಿಟ್ಟೆ.

"ತಾ ಅಂದೆ, ತಂದುಕೊಟ್ಟಿ. ಯಾಕಂತ ಕೇಳಲಿಲ್ಲ ನೀ," ಎಂದರು ಅತ್ತೆ. "ಗೊತ್ತಿತ್ತೇನೋ ನಿನಗ, ಖಾರಕ್ಕ ಹಾಕ್ತೇನಂತ?"

"ಗೊತ್ತಿತ್ತವ್ವ."

"ಯಾವಾಗಿಂದ?"

"ಎರಡನೇ ಡಬ್ಬಿ ತಾ ಅಂದಿಯಲ್ಲ, ಆವಾಗಿಂದ." ಅವರ ದನಿ ಸಣ್ಣದಾಗಿತ್ತು. "ಮಂದಿಗೆ ಆ ಕೆಂಪ ಸೇರಿತ್ತು. ರಾಣೆಬೆನ್ನೂರಿಂದ, ಹಾವೇರಿಯಿಂದ ಫೋನ್ ಮಾಡಿ ಕೇಳತಿದ್ರು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನಿನ್ನ ಕೈಯಾಗಿಂದು ಹೆಂಗ ಕಸಗೊಳ್ಳಿ ಅಂತನೂ ಅನಸ್ತು."

"ನನ್ನ ಕಣ್ಣು?"

"ಏನವ್ವ?"

"ನನಗ ಕಾಣಸವಲ್ದು ಅಂತ ಗೊತ್ತಿತ್ತೇನ?"

ಶಶಿಕಾಂತ ತಾಟಿನಲ್ಲಿ ಬೆರಳಾಡಿಸಿದರು. "ಸುಗ್ಗಿ ಮುಗೀಲಿ, ಆಮ್ಯಾಲೆ ತೋರಸೂಣು ಅಂತಿದ್ದೆ."

ಅತ್ತೆ ಕನ್ನಡಕ ಮತ್ತೆ ಹಾಕಿಕೊಂಡು ಎದ್ದು ಒಳಗೆ ಹೋದರು. ಅವರ ಬೆನ್ನು ಅಷ್ಟು ಬಾಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಮಾವ ಕೈ ತೊಳೆಯದೆ ಹಾಗೇ ಕೂತಿದ್ದರು. ಅವರ ಸುಳ್ಳನ್ನು ನಂಬಿ ನಾನು ತಪ್ಪಾಯಿತು ಎಂದಿದ್ದೆ, ಈ ಮನುಷ್ಯ ಇರಲಿ ಬಿಡು ಎಂದು ನನ್ನನ್ನು ಕ್ಷಮಿಸಿದ್ದರು.

"ಪಪ್ಪಾ," ಎಂದಳು ಸ್ನೇಹಾ. "ನನ್ನ ಊಟದ ಡಬ್ಬಿಗೂ ಅದ ಖಾರಾನ ಹಾಕತಿದ್ರು. ನಿನಗ ಗೊತ್ತಿತ್ತು."

"ನಾನೂ ಅದನ್ನ ಉಂಡೇನಲ್ಲವ್ವಾ," ಎಂದರು ಅವರು.

ಅವಳು ನೋಟುಬುಕ್ಕು ಮುಚ್ಚಿದಳು. ತಾಟು ಎತ್ತಿಕೊಂಡು ಹೋಗಲಿಲ್ಲ, ಅಳಲೂ ಇಲ್ಲ. ಉಳಿದ ರೊಟ್ಟಿಯನ್ನು ಸುಮ್ಮನೆ ತಿಂದು ಮುಗಿಸಿದಳು. ಅದನ್ನು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು.

ಸೋಮವಾರ ಕ್ಲಾಸಿಗೆ ಹೋದಾಗ ವರದಿಯನ್ನು ನಾನೇ ಓದಿಬಿಡಬೇಕೆಂದು ನಿಶ್ಚಯಿಸಿದ್ದೆ. ಪೊರೆ ಬಂದ ಕಣ್ಣಿಗೆ ಕೆಂಪು ಮಂಕಾಗಿ ಕಾಣುತ್ತದೆ, ಅದರಿಂದ ಆದ ತಪ್ಪು ಇದು ಎಂದು ಹೇಳಿ ಮುಗಿಸುವುದು. ಸುಳ್ಳೂ ಅಲ್ಲ, ಪೂರ್ತಿ ಖರೇನೂ ಅಲ್ಲ. ಹಾಜರಿ ತೆಗೆದುಕೊಳ್ಳುತ್ತಿದ್ದಂತೆ ಕೈಸರ ಎದ್ದು ನಿಂತಳು.

"ಟೀಚರ್, ಯಾರ ಹಾಕಿದ್ರು ಅಂತ ಗೊತ್ತಾತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಸ್ನೇಹಾ ಎದ್ದಳು. ಕೈಯಲ್ಲಿ ನೋಟುಬುಕ್ಕು ಇರಲಿಲ್ಲ.

"ಹಾಕಿದ್ದು ನಮ್ಮ ಆಯಿ," ಎಂದಳು. "ಆಕಿಗೆ ಕಾಣಸ್ತಿರಲಿಲ್ಲ. ನಮ್ಮ ಪಪ್ಪಾಗ ಕಾಣಸ್ತಿತ್ತು."

ಹೇಳಿ ಕೂತುಬಿಟ್ಟಳು. ಮೂವತ್ತು ಮಕ್ಕಳು ಬರೆದುಕೊಳ್ಳುವುದೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು.